ಹಳೇ ರನ್‌ವೇಯಲ್ಲಿ ಏನೂ ಕೇಳಿಸಲಿಲ್ಲ

ಆಗಸ್ಟ್ ೪

ದೊಡ್ಡಮ್ಮನಿಗೆ,

ಬಂದು ತಲುಪಿದ್ದೇನೆ. ತಲುಪಿ ಆಕ್ಚುಲಿ ಎರಡು ವಾರ ಆಯಿತು. ಅವತ್ತೇ ಫೋನ್ ಮಾಡಿದ್ದೆ. ನೀವು ‘ಏನು? ಏನಂದೆ?’ ಎಂದು ಕೇಳಿ ಕೇಳಿ, ‘ಲೈನ್ ಸರಿಯಿಲ್ಲ ಕಣೆ, ಕಾಗದ ಬರಿ’ ಎಂದು ಇಟ್ಟುಬಿಟ್ಟಿರಿ. ಆದ್ದರಿಂದ ಈ ಕಾಗದ. ಪರೀಕ್ಷೆ ಬಿಟ್ಟರೆ ಕೈಯಲ್ಲಿ ಇಷ್ಟುದ್ದ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಸಾರಿ.

ಹಾಸ್ಟೆಲ್ ನನಗೆ ಹೊಸದೇನಲ್ಲ. ಅಪ್ಪ ಅಮ್ಮ ವರ್ಗವಾದ ಕಡೆಗೆಲ್ಲ ಪೆಟ್ಟಿಗೆ ಕಟ್ಟಿಕೊಂಡು ತಿರುಗುವಾಗ ನಾನು ಕಬ್ಬಿಣದ ಮಂಚ, ನಂಬರ್ ಹಾಕಿದ ಕಪಾಟುಗಳ ನಡುವೆಯೇ ಬೆಳೆದವಳು. ರಜೆ ಬಂದರೆ ನಿಮ್ಮ ಕನ್ನಡಕದಂಗಡಿಯ ಮೇಲಿನ ಕೋಣೆ. ಆದರೂ ಇಲ್ಲಿ ಎಲ್ಲ ಮೊದಲಿನಿಂದ ಶುರು. ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ಯಾವ ಮೇಜಿಗೆ ಹೋಗಲಿ ಎಂದು ನಿಲ್ಲುತ್ತೇನಲ್ಲ, ಆ ಒಂದು ಗಳಿಗೆಗಾಗಿ ಬೆಳಗಿನಿಂದಲೇ ಟೆನ್ಶನ್. ರೂಮ್‌ಮೇಟ್ ಉಡುಪಿನ ಡಿಸೈನ್ ಓದುತ್ತಾಳೆ. ಮಲಗಿದರೆ ಮನೆ ಬಿದ್ದರೂ ಏಳುವುದಿಲ್ಲ. ನಾನು ಅವಳಿಗೆ ನಿದ್ದೆಬುರುಕಿ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ ಮಾತ್ರ.

ಕಾಲೇಜಿನ ಪಕ್ಷಿ ಸಂಘಕ್ಕೆ ಸೇರಿದೆ. ಸೀನಿಯರ್ ಒಬ್ಬಳು ‘ಯಾರು ಕಲಿಸಿದ್ದು ನಿಂಗೆ?’ ಅಂದಳು. ದೊಡ್ಡಮ್ಮ ಎಂದೆ. ‘ಯಾರ ದೊಡ್ಡಮ್ಮ?’ ಅಂದಳು. ನೀವು ಬರೆದ ಹಕ್ಕಿ ಕೈಪಿಡಿ ಅಲ್ಲೇ ಮೇಜಿನ ಮೇಲಿತ್ತು, ಮೂಲೆ ಮಡಿಚಿ, ಚಹಾದ ಕಲೆ ಬಿದ್ದು. ಬೆರಳಿಟ್ಟು ತೋರಿಸಿದೆ. ಆಮೇಲೆ ನನಗೆ ಕೂರಲು ಜಾಗ ಬಿಟ್ಟರು.

ಮೊದಲ ನಡಿಗೆಯಲ್ಲೇ ಒಂದು ಎಡವಟ್ಟಾಯಿತು. ನಾಲೆಯ ಹತ್ತಿರ ಮಿಂಚುಳ್ಳಿ ಕೂಗಿದ್ದು ನನಗೇ ಮೊದಲು ಕೇಳಿಸಿತು. ಆದರೆ ಮುಂದಾಳು ಬೆರಳು ಎತ್ತಿರಲಿಲ್ಲವಲ್ಲ, ನಾನೂ ಎತ್ತಲಿಲ್ಲ. ಪಕ್ಕದ ಹುಡುಗಿ ‘ಅಲ್ಲಿ ಅಲ್ಲಿ’ ಎಂದು ಕೈ ಬೀಸಿದಳು, ಎಲ್ಲರೂ ಅವಳನ್ನು ಹೊಗಳಿದರು. ಅವಳು ಕ್ಲಾಸಿನಲ್ಲೂ ಮುಂದಿನ ಬೆಂಚು. ನಿಮ್ಮ ನಡಿಗೆಯ ನಿಯಮ ಇಲ್ಲಿ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕೈಪಿಡಿಯ ಹೊಸ ಮುದ್ರಣ ಎಲ್ಲಿಗೆ ಬಂತು?

ನಿಮ್ಮ,
ಗಡಿಬಿಡಿ


ಆಗಸ್ಟ್ ೧೬

ಗಡಿಬಿಡಿಗೆ,

ಕಾಗದ ಬಂತು. ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ಡಾಕ್ಟರ ಚೀಟಿ ಓದಿ ಓದಿ ಪಳಗಿದ ಕಣ್ಣಿಗೆ ಅದೇನು ಮಹಾ.

ನಿಯಮದ ವಿಷಯ. ನನ್ನ ನಡಿಗೆಯಲ್ಲಿ ಹೊಸಬರು ಮುಂದಾಳಿಗಿಂತ ಮೊದಲು ಬೆರಳೆತ್ತಬಾರದು ಎಂದು ಮಾಡಿದ್ದು ಸುಮ್ಮನೆ ಅಲ್ಲ. ಹೊಸಬರಿಗೆ ಎಲ್ಲ ಸದ್ದೂ ಹಕ್ಕಿಯೇ. ಸೈಕಲ್ಲಿನ ಚೈನು ಕಿರುಗುಟ್ಟಿದರೂ ಬೆರಳು ಮೇಲೆ. ಒಬ್ಬಳು ಕೇಳಿದೆ ಎಂದರೆ ಹತ್ತು ಜನಕ್ಕೆ ಕೇಳಿಸಿಬಿಡುತ್ತದೆ. ನಿನ್ನ ಸಂಘದವರು ಹೇಗಾದರೂ ಮಾಡಿಕೊಳ್ಳಲಿ, ನನ್ನ ಜೊತೆ ಬಂದಾಗ ನನ್ನ ಪದ್ಧತಿ.

ಕೈಪಿಡಿ ಕುಂಟುತ್ತ ಸಾಗಿದೆ. ಭಾನುವಾರ ಅಂಗಡಿ ಮುಚ್ಚಿ ಒಂದೊಂದೇ ಜಾಗ ಮತ್ತೆ ನೋಡಿ ಬರುತ್ತಿದ್ದೇನೆ. ದೊಡ್ಡ ಕೆರೆಗೆ ಹೆಜ್ಜಾರ್ಲೆಗಳು ಬಂದಿವೆ, ಸಭೆಗೆ ಬಂದ ಅಧಿಕಾರಿಗಳ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿರುತ್ತವೆ. ಅಳಿವೆಯ ಕೆಸರಿನಲ್ಲಿ ಗೊರವಗಳು ಸಾಲುಸಾಲು. ಕೊಳಚೆ ನೀರಿನ ಹೊಂಡಗಳಷ್ಟು ಒಳ್ಳೆಯ ಜಾಗ ಈ ಸುತ್ತಿನಲ್ಲೇ ಇಲ್ಲ. ಕೈಪಿಡಿ ಅಚ್ಚು ಹಾಕಿಸುವ ಪ್ರವಾಸೋದ್ಯಮ ಕಚೇರಿಯ ಅಧಿಕಾರಿಗೆ ಮಾತ್ರ ಆ ಹೆಸರು ಕಂಡರೆ ಸಂಕಟ. ‘ಮೇಡಂ, ಇದನ್ನ ತೇವಭೂಮಿ ಅಂತ ಹಾಕೋಣ್ವಾ?’ ಅಂದ. ‘ಹಾಕ್ರಿ. ಮೂಗಿರೋರಿಗೆ ಹೆಂಗೂ ಗೊತ್ತಾಗತ್ತೆ’ ಅಂದೆ.

ಬೆಟ್ಟದ ಕಾಡು ಮೊದಲಿನ ಹಾಗಿಲ್ಲ. ಮರ ಅಷ್ಟೇ ಇದೆ, ಗದ್ದಲ ಕಡಿಮೆಯಾಗಿದೆ. ಕುರುಚಲು ಗುಡ್ಡವೂ ಅಷ್ಟೇ.

ಈಗ ಮುಖ್ಯ ಮಾತು. ಹಳೇ ರನ್‌ವೇ ಹುಲ್ಲುಗಾವಲು. ವಿಮಾನ ನಿಂತು ಎಷ್ಟೋ ಕಾಲವಾಗಿ, ಸಿಮೆಂಟು ಬಿರಿದು, ಸೊಂಟದೆತ್ತರ ಹುಲ್ಲು ಬೆಳೆದ ಜಾಗ. ನಿನಗೆ ಆರೇಳು ವರ್ಷವಿದ್ದಾಗ ಅಲ್ಲಿ ಟೋಪಿ ಕಳೆದುಕೊಂಡು ಅತ್ತಿದ್ದೆ. ಅಲ್ಲಿ ನಾವು ಕತ್ತರಿಹಕ್ಕಿ ಎನ್ನುತ್ತಿದ್ದ ಆ ಪುಟಾಣಿಯೇ ಗುರುತು. ಹುಲ್ಲಿನ ಬಣ್ಣದ್ದು, ಕೂತರೆ ಕಾಣುವುದಿಲ್ಲ, ಹಾರುತ್ತ ಒಂದೊಂದು ಏರಿಗೂ ಬಟ್ಟೆ ಕತ್ತರಿಸಿದ ಹಾಗೆ ಕಚ್ ಎನ್ನುತ್ತದೆ. ಹಿಂದಿನೆರಡು ವರ್ಷ ಹೋಗಿ ಕಣ್ಣು ಮುಚ್ಚಿ ನಿಂತೆ. ಒಂದೂ ಇಲ್ಲ. ಈ ವರ್ಷವೂ ಇಲ್ಲವೆಂದರೆ ಆ ಜಾಗವನ್ನು ಕೈಪಿಡಿಯಿಂದ ತೆಗೆಯಬೇಕು. ಮೂರು ವರ್ಷ, ಇಬ್ಬರ ಕಿವಿ, ಅದು ನಾನೇ ಹಾಕಿಕೊಂಡ ಅಳತೆ.

ತೆಗೆದರೆ ಏನಾಗುತ್ತದೆ ಎಂದೂ ಗೊತ್ತು. ಕೈಪಿಡಿಯಲ್ಲಿರುವ ಜಾಗವನ್ನು ನಗರಸಭೆ ಮುಟ್ಟುವ ಹಾಗಿಲ್ಲ. ಇಲ್ಲದ ಜಾಗಕ್ಕೆ ಲಾರಿ ನಿಲ್ದಾಣದ ನಕ್ಷೆ ಆಗಲೇ ತಯಾರಾಗಿದೆ. ಹಾಗೆಂದು ಇಲ್ಲದ ಹಕ್ಕಿಯನ್ನು ಇದೆ ಎಂದು ಬರೆಯಲಾರೆ.

ಸೆಪ್ಟೆಂಬರ್ ರಜೆಗೆ ಬಾ. ಎರಡನೇ ಕಿವಿ ನಿನ್ನದು.

ದೊಡ್ಡಮ್ಮ


ಸೆಪ್ಟೆಂಬರ್ ೩೦

ದೊಡ್ಡಮ್ಮನಿಗೆ,

ಸೇಫಾಗಿ ತಲುಪಿದೆ. ನೀವು ಕಟ್ಟಿಕೊಟ್ಟ ಬ್ರೆಡ್ಡನ್ನು ನಿದ್ದೆಬುರುಕಿ ಎದ್ದು ತಿಂದಳು, ತಿಂದು ಮತ್ತೆ ಮಲಗಿದಳು.

ರಜೆ ಚೆನ್ನಾಗಿತ್ತು. ನಿಜವಾಗಿಯೂ. ಕೆರೆಯ ದಂಡೆಯಲ್ಲಿ ನೀವು ನೀರುಕಾಗೆಯನ್ನು ತೋರಿಸಿ ‘ಬಟ್ಟೆ ಒಣಗಿಸ್ತಾ ಇದೆ, ಅದಕ್ಕೂ ಹಾಸ್ಟೆಲ್ಲೇ’ ಅಂದಿರಲ್ಲ, ಅದನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ಸಂಘದವರು ನಕ್ಕರು. ಊಟದ ಹಾಲ್‌ನಲ್ಲಿ ಈಗ ಒಂದು ಮೇಜು ಗೊತ್ತಾಗಿದೆ.

ರನ್‌ವೇಗೆ ಹೋದ ಬೆಳಗ್ಗೆ ಸ್ವಲ್ಪ ಗಾಳಿ ಇತ್ತಲ್ಲವಾ? ನನಗೆ ಹಾಗೆ ನೆನಪು. ನೀವು ಕಣ್ಣು ಮುಚ್ಚಿ ನಿಂತಿರಿ, ನಾನೂ ಪಕ್ಕದಲ್ಲಿ ನಿಂತೆ. ನಿಮ್ಮ ಬೆರಳು ಮೇಲೇಳಲಿಲ್ಲ. ನನ್ನದೂ ಏಳಲಿಲ್ಲ. ಆಮೇಲೆ ನೀವು ‘ಆಯ್ತು, ನಡಿ’ ಅಂದಿರಿ. ಬಸ್ ಸ್ಟಾಪಿನವರೆಗೂ ನಾನು ನಿಮ್ಮ ಪಕ್ಕದಲ್ಲೇ ನಡೆದೆ.

ಅದೇ, ಇನ್ನೊಂದು ಸಲ ಹೋಗಿ ನೋಡಿದರೆ ಒಳ್ಳೆಯದೇನೋ ಎಂದು ಅನ್ನಿಸಿತು. ಸುಮ್ಮನೆ ಅನ್ನಿಸಿತು ಅಷ್ಟೆ. ನಿಮಗೆ ಗೊತ್ತಿರುತ್ತದೆ.

ಇಲ್ಲಿ ಇಂಟರ್ನಲ್ ಪರೀಕ್ಷೆ ಶುರುವಾಗಿದೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ,
ಗಡಿಬಿಡಿ


ಅಕ್ಟೋಬರ್ ೬

ಗಡಿಬಿಡಿಗೆ,

ಗಾಳಿ ಇರಲಿಲ್ಲ. ಹುಲ್ಲಿನ ತುದಿ ಅಲ್ಲಾಡುತ್ತಿರಲಿಲ್ಲ, ನಾನು ನೋಡಿಯೇ ನಿಂತದ್ದು. ನಿನಗೆ ಆ ಜಾಗದ ಮೇಲೆ ಆಸೆ, ನನಗೆ ಅರ್ಥವಾಗುತ್ತದೆ. ಆಸೆಯಿಂದ ಹಕ್ಕಿ ಎಣಿಸುವವರು ಬೇಕಾದಷ್ಟು ಜನ ಇದ್ದಾರೆ.

ಈ ವಾರ ಅಂಗಡಿಗೆ ಒಬ್ಬ ಮೇಷ್ಟ್ರು ಬಂದಿದ್ದರು. ಗೋಡೆಯ ಚಾರ್ಟಿನಲ್ಲಿ ಮೂರನೇ ಸಾಲು ದಾಟಲಿಲ್ಲ. ‘ನಿಮ್ಮ ಚಾರ್ಟ್ ಮಾಸಿದೆ, ಬೇರೆ ಹಾಕ್ಸಿ ಮೇಡಂ’ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಸ ಚಾರ್ಟು ತೆಗೆದು ತೋರಿಸಿದೆ. ಅದೂ ಮಾಸಿದೆ ಅಂದರು. ಸುಮ್ಮನೆ ಕೂರಿಸಿ ಗಾಜು ಬದಲಿಸಿದೆ. ದಿನವೂ ಇದೇ ಕೆಲಸ.

ರನ್‌ವೇ ವರದಿ ಬರೆದು ಮೊನ್ನೆ ಕಚೇರಿಗೆ ಕೊಟ್ಟೆ. ಮೊದಲ ಕಿವಿ ನನ್ನದು, ಎರಡನೆಯದು ನಿನ್ನದು. ನಿನ್ನ ಬೆರಳೂ ಏಳಲಿಲ್ಲವಲ್ಲ, ನನಗೆ ಅಷ್ಟು ಸಾಕು. ಅಧಿಕಾರಿ ಓದಿ ‘ಲಾರಿಯವರು ಖುಷಿಯಾಗ್ತಾರೆ’ ಅಂದ. ಮುದ್ರಣಕ್ಕೆ ಹೋಗುವುದು ಹೊಸ ವರ್ಷಕ್ಕೆ.

ಪರೀಕ್ಷೆ ಚೆನ್ನಾಗಿ ಬರಿ. ಕೋಳಿ ಕಾಲು ಕಡಿಮೆ ಮಾಡು.

ದೊಡ್ಡಮ್ಮ


ಅಕ್ಟೋಬರ್ ೧೧

ದೊಡ್ಡಮ್ಮನಿಗೆ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲ ಮೂರರಲ್ಲಿ ಪರೀಕ್ಷೆಯ ಮಾತೇ ಬಂದು ಮುಖ್ಯ ವಿಷಯ ಬರಲಿಲ್ಲ. ಈ ಸಲ ಮೊದಲೇ ಬರೆದುಬಿಡುತ್ತೇನೆ.

ಅವತ್ತು ರನ್‌ವೇಯಲ್ಲಿ ಕತ್ತರಿಹಕ್ಕಿಗಳು ಇದ್ದವು. ಒಂದೆರಡಲ್ಲ. ನಾವು ನಿಂತ ಸಿಮೆಂಟಿನ ಎರಡೂ ಕಡೆ, ತಲೆಯ ಮೇಲೆ ಕೂಡ. ನನಗೆ ಕೇಳಿಸಿತು. ನಾವು ಬಸ್ ಸ್ಟಾಪಿಗೆ ಹೋಗುವಾಗಲೂ ಕೇಳಿಸುತ್ತಲೇ ಇತ್ತು.

ಬೆರಳು ಯಾಕೆ ಎತ್ತಲಿಲ್ಲ ಎಂದರೆ, ನೀವು ಎತ್ತಿರಲಿಲ್ಲ. ಮೊದಲು ನೀವು ನನ್ನನ್ನು ಟೆಸ್ಟ್ ಮಾಡುತ್ತಿದ್ದೀರಿ ಎಂದುಕೊಂಡೆ. ಆತುರ ಪಡುತ್ತಾಳಾ ನೋಡೋಣ ಅಂತ. ಆಮೇಲೆ ನೀವು ಕಣ್ಣು ಬಿಟ್ಟಿರಿ. ನಿಮ್ಮ ಮುಖ ನೋಡಿದೆ. ಟೆಸ್ಟ್ ಅಲ್ಲ ಎಂದು ಗೊತ್ತಾಯಿತು. ಅದಾದ ಮೇಲೆ ಹೇಳುವುದು ಹೇಗೆ ಎಂದು ಗೊತ್ತಾಗಲಿಲ್ಲ.

ಆದರೂ ನನ್ನ ಕಿವಿಯ ಮೇಲೇ ಅನುಮಾನ ಬಂತು. ನೀವು ಇಲ್ಲ ಎಂದ ಮೇಲೆ ಇದೆ ಎನ್ನಲು ನಾನ್ಯಾರು. ಅವತ್ತು ಊರಿನ ಬೆಳಗು ಇರಲಿ ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ನಿಮ್ಮ ಕಾಗದ ಬಂದ ದಿನ ಅದನ್ನು ನಿದ್ದೆಬುರುಕಿಗೆ ಕೇಳಿಸಿದೆ. ಅವಳಿಗೆ ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿಲ್ಲ. ಮುಸುಕಿನೊಳಗಿಂದಲೇ ‘ಏನೇ ಅದು, ಯಾವ್ದೋ ಟೈಲರ್ ಅಂಗ್ಡೀಲಿ ನಿಂತು ಮಾಡಿದ್ಯಾ?’ ಅಂದಳು. ನಾನು ಹಕ್ಕಿಯ ಹೆಸರು ಹೇಳಿಯೇ ಇರಲಿಲ್ಲ.

ದೊಡ್ಡಮ್ಮ, ಅಂಗಡಿಯ ಬಾಗಿಲ ಗಂಟೆ ಹೊಡೆದಾಗ ಈಗ ನೀವು ತಲೆ ಎತ್ತುವುದಿಲ್ಲ. ಗಿರಾಕಿ ಮುಂದೆ ಬಂದು ನಿಂತ ಮೇಲೆ ನೋಡುತ್ತೀರಿ. ನಾನು ರಜೆಯಲ್ಲಿ ನೋಡಿದೆ. ಕೆಲಸದಲ್ಲಿ ಮುಳುಗಿದ್ದೀರಿ ಎಂದುಕೊಂಡಿದ್ದೆ.

ವರದಿಯಲ್ಲಿ ನನ್ನ ಹೆಸರು ಇರಬಾರದು. ನನಗೆ ಕೇಳಿಸಲಿಲ್ಲ ಎಂಬುದು ಸುಳ್ಳಾಗುತ್ತದೆ. ಅದು ಹಾಗೇ ಪ್ರಿಂಟಾದರೆ ಹಕ್ಕಿ ತುಂಬಿದ ಜಾಗದ ಮೇಲೆ ಲಾರಿ ನಿಲ್ಲುತ್ತವೆ.

ಕೋಪ ಮಾಡಿಕೊಳ್ಳಬೇಡಿ ಎಂದು ಬರೆದಿದ್ದೆ. ಹೊಡೆದುಹಾಕಿದೆ. ಮಾಡಿಕೊಳ್ಳಿ. ಉತ್ತರ ಮಾತ್ರ ಬರೆಯಿರಿ.

ನಿಮ್ಮ,
ಗಡಿಬಿಡಿ


ಅಕ್ಟೋಬರ್ ೨೯

ದೊಡ್ಡಮ್ಮನಿಗೆ,

ಹನ್ನೊಂದನೇ ತಾರೀಕಿನ ಕಾಗದ ತಲುಪಿತಾ? ಅಂಚೆಯವರು ಕಳೆದಿರಲೂಬಹುದು. ಕಳೆದಿದ್ದರೆ ಮತ್ತೆ ಬರೆಯುತ್ತೇನೆ.

ಅಮ್ಮನಿಗೆ ಫೋನ್ ಮಾಡಿ ನಿಮ್ಮ ಬಗ್ಗೆ ಕೇಳಿದೆ. ‘ಅಕ್ಕನಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾಳೆ’ ಅಂದಳು. ಕಿವಿಯ ಮಾತು ಎತ್ತದೆ ಫೋನ್ ಇಟ್ಟೆ.

ಪರೀಕ್ಷೆ ಮುಗಿಯಿತು. ಸುಮಾರಾಗಿ ಬರೆದಿದ್ದೇನೆ.

ನಿಮ್ಮ,
ಗಡಿಬಿಡಿ


ನವೆಂಬರ್ ೯

ಗಡಿಬಿಡಿಗೆ,

ಎರಡೂ ತಲುಪಿವೆ. ಅಂಚೆಯವರ ಮೇಲೆ ಹಾಕಬೇಡ, ಪಾಪ.

ಮೊದಲ ವಾರ ಸಿಟ್ಟಿನಲ್ಲೇ ಇದ್ದೆ. ನಿನಗೆ ಎರಡು ಕಾಗದ ಬರೆದೆ, ಹರಿದೆ. ಫೋನಿನ ರೆಕಾರ್ಡಂತೆ, ಹೊಲಿಗೆ ಹುಡುಗಿಯ ಸಾಕ್ಷಿಯಂತೆ. ಇಪ್ಪತ್ತೈದು ವರ್ಷ ಕಿವಿಯಿಂದ ಹಕ್ಕಿ ಹಿಡಿದವಳಿಗೆ ಹಾಸಿಗೆಯಲ್ಲಿ ಮಲಗಿದವಳು ಪಾಠ ಹೇಳುತ್ತಾಳೆ ಎಂದುಕೊಂಡೆ. ನಿನ್ನ ಸಂಘದವರು ನಿನ್ನ ತಲೆ ಕೆಡಿಸಿದ್ದಾರೆ ಎಂದೂ ಅಂದುಕೊಂಡೆ. ಅಂಗಡಿಯಲ್ಲಿ ಇಬ್ಬರಿಗೆ ತಪ್ಪು ಫ್ರೇಮು ಕೊಟ್ಟೆ.

ಆಮೇಲೆ ಒಂದು ಬೆಳಗ್ಗೆ ಒಬ್ಬಳೇ ರನ್‌ವೇಗೆ ಹೋದೆ. ಈ ಸಲ ಕಣ್ಣು ಮುಚ್ಚಲಿಲ್ಲ. ಸಿಮೆಂಟಿನ ಮೇಲೆ ಕೂತು ದುರ್ಬೀನು ಹಿಡಿದು ಹುಲ್ಲಿನ ಮೇಲಿನ ಆಕಾಶವನ್ನೇ ನೋಡುತ್ತಿದ್ದೆ. ಒಂದು ಮೇಲೆದ್ದಿತು. ಅಲೆ ಏರಿದ ಹಾಗೆ ಏರಿತು, ಇಳಿಯಿತು, ಮತ್ತೆ ಏರಿತು. ಒಂದೊಂದು ಏರಿಗೂ ಕೊಕ್ಕು ತೆರೆಯುತ್ತಿತ್ತು. ಚೆನ್ನಾಗಿ ಕಾಣುತ್ತಿತ್ತು. ಕೊಕ್ಕಿನ ಒಳಗಿನ ಕಪ್ಪು ಕೂಡ. ಸದ್ದು ಇರಲಿಲ್ಲ. ಗಾಜಿನ ಆಚೆ ಯಾರೋ ಮಾತಾಡಿದ ಹಾಗಿತ್ತು. ಆಮೇಲೆ ಇನ್ನೊಂದು ಎದ್ದಿತು, ಅದರ ಹಿಂದೆ ಮತ್ತೊಂದು. ಎಣಿಸುವುದು ಬಿಟ್ಟೆ.

ಅಲ್ಲಿಂದ ನೇರ ನಮ್ಮ ಬೀದಿಯ ಕಿವಿ ಪರೀಕ್ಷೆಯವನ ಹತ್ತಿರ ಹೋದೆ. ಅವನ ಕನ್ನಡಕ ನಾನೇ ಮಾಡಿಕೊಟ್ಟದ್ದು. ಸಣ್ಣ ಗೂಡಿನಲ್ಲಿ ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟ. ‘ಸೌಂಡ್ ಕೇಳಿದಾಗೆಲ್ಲ ಒತ್ತಿ, ಅಷ್ಟೆ’ ಅಂದ. ಮೊದಮೊದಲು ಒತ್ತಿದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಸಣ್ಣ ಸ್ವರದ್ದು ಇನ್ನು ಶುರು ಮಾಡುತ್ತಾನೆ ಎಂದು ಕಾದು ಕೂತೆ. ಅವನು ಬಾಗಿಲು ತೆರೆದು ‘ಮುಗೀತು ಮೇಡಂ’ ಅಂದ.

ಕಾಗದದ ಮೇಲೆ ಗೆರೆ ತೋರಿಸಿದ. ಮಾತಿನ ಎತ್ತರದವರೆಗೆ ಸುಮಾರಾಗಿ ನಡೆದು, ಅಲ್ಲಿಂದ ಮೆಟ್ಟಿಲು ತಪ್ಪಿದವಳ ಹಾಗೆ ಬಿದ್ದಿದೆ. ವಯಸ್ಸಿನದೇ, ಬೇರೆ ಏನೂ ಅಲ್ಲ. ಕಿವಿಗೆ ಯಂತ್ರ ಹಾಕಿದರೆ ಜನರ ಮಾತು ಚೆನ್ನಾಗಿ ಕೇಳಿಸುತ್ತದಂತೆ. ಹಕ್ಕಿಯದು ಹೇಳಲಾಗದು ಅಂದ. ಜನರ ಮಾತಿಗೆ ಅಂಥ ಅವಸರವೇನೂ ಇಲ್ಲ ಎಂದು ಎದ್ದು ಬಂದೆ. ಮೇಷ್ಟ್ರ ಬಗ್ಗೆ ನೆಲ ಡೊಂಕಿನ ಗಾದೆ ಬರೆದವಳು ನಾನೇ.

ನಿನಗೆ ಕೇಳಿಸಿತು ಎಂದು ನನಗೆ ಸಿಟ್ಟಿಲ್ಲ. ಬಸ್ ಸ್ಟಾಪಿನವರೆಗೆ ನನ್ನ ಪಕ್ಕದಲ್ಲಿ ನಡೆದು ಬಂದೆಯಲ್ಲ, ಅದಕ್ಕೆ ಸಿಟ್ಟು. ಅದೂ ಈಗ ಅರ್ಧ ಇಳಿದಿದೆ. ನಿಯಮ ಮಾಡಿದವಳು ನಾನು, ಪಾಲಿಸಿದವಳನ್ನು ಎಷ್ಟು ಬೈಯಲಿ.

ವರದಿಯ ವಿಷಯ ಇನ್ನೂ ತೀರ್ಮಾನಿಸಿಲ್ಲ.

ದೊಡ್ಡಮ್ಮ


ನವೆಂಬರ್ ೧೮

ದೊಡ್ಡಮ್ಮನಿಗೆ,

ನಿಮ್ಮ ಕಾಗದ ಓದಿದೆ. ನನ್ನ ಹಾಸ್ಟೆಲ್ಲುಗಳಲ್ಲಿ ಇಂಥದಕ್ಕೆ ಏನು ಹೇಳಬೇಕೆಂದು ಯಾರೂ ಕಲಿಸಲಿಲ್ಲ.

‘ತೀರ್ಮಾನಿಸಿಲ್ಲ’ ಎಂದರೆ ಏನು? ಹೊಸ ವರ್ಷಕ್ಕೆ ಪ್ರಿಂಟಾಗುತ್ತದೆ ಎಂದಿದ್ದಿರಿ. ನಿಮ್ಮ ಬಗ್ಗೆ ಏನೂ ಹೇಳದೆ ವರದಿ ಬದಲಾಯಿಸಲು ಆಗುವುದಿಲ್ಲವಾ? ಈಗ ಹೊಸದಾಗಿ ಹಕ್ಕಿ ಬಂದಿದೆ ಎಂದು ಬರೆದರೆ? ಹಾಗೂ ಆಗಬಹುದಲ್ಲ. ಹಕ್ಕಿಗಳು ವಾಪಸ್ ಬರುವುದಿಲ್ಲವಾ ಏನು. ಜಾಗ ಉಳಿಯುತ್ತದೆ, ನಿಮ್ಮ ಭಾನುವಾರದ ನಡಿಗೆಯೂ ಉಳಿಯುತ್ತದೆ. ನಾನು ಯಾರಿಗೂ ಹೇಳುವುದಿಲ್ಲ, ನಿದ್ದೆಬುರುಕಿಗೆ ಹೇಗೂ ನೆನಪಿರುವುದಿಲ್ಲ.

ನಿಮ್ಮ,
ಗಡಿಬಿಡಿ


ಡಿಸೆಂಬರ್ ೩

ಗಡಿಬಿಡಿಗೆ,

ನೀನು ಹೇಳಿದ ಉಪಾಯ ನನಗೂ ಹೊಳೆದಿತ್ತು. ನಿನಗಿಂತ ಮೊದಲೇ. ಒಂದು ದಿನ ಪೂರ್ತಿ ಅದು ಒಳ್ಳೆಯ ಉಪಾಯವೆಂದೇ ಅನ್ನಿಸಿತ್ತು. ಆಮೇಲೆ ಬೆಟ್ಟದ ಕಾಡಿನ ಪುಟ ತೆಗೆದು ಓದಿದೆ. ‘ಇತ್ತೀಚೆಗೆ ಹಕ್ಕಿಗಳ ಸದ್ದು ಕ್ಷೀಣಿಸಿದೆ’ ಎಂದು ನಾನೇ ಬರೆದಿದ್ದೇನೆ. ಕುರುಚಲು ಗುಡ್ಡಕ್ಕೂ ಅದೇ. ರನ್‌ವೇಗೆ ಹೊಸ ಹಕ್ಕಿ ಬಂತು ಎನ್ನಬಹುದು. ಬೆಟ್ಟಕ್ಕೆ ಏನನ್ನಲಿ? ಒಂದು ಸುಳ್ಳಿಗೆ ಮೂರು ಊರು ಸುತ್ತಬೇಕು.

ಸೋಮವಾರ ಕಚೇರಿಗೆ ಹೋದೆ. ಅಧಿಕಾರಿ ಚಹಾ ತರಿಸಿದ. ‘ರನ್‌ವೇ, ಬೆಟ್ಟದ ಕಾಡು, ಕುರುಚಲು ಗುಡ್ಡ, ಈ ಮೂರೂ ವಾಪಸ್ ಕೊಡ್ರಿ. ತಪ್ಪಾಗಿದೆ’ ಅಂದೆ.

‘ಎಲ್ಲಾನೂ ತಪ್ಪಾ ಮೇಡಂ?’

‘ಕೆರೆ, ಹೊಂಡ, ಅಳಿವೆ ಸರಿಯಿದೆ. ಅದು ಕಣ್ಣಿನ ಕೆಲ್ಸ. ಈ ಮೂರು ಕಿವೀದು.’

‘ಫೈಲಲ್ಲಿ ಕಾರಣ ಹಾಕ್ಬೇಕಲ್ಲ. ಏನಂತ ಹಾಕ್ಲಿ?’

‘ಬರೆದವಳಿಗೆ ಕಿವಿ ಕೇಳಲ್ಲ ಅಂತ ಹಾಕ್ರಿ.’

ಪೆನ್ನು ಕೆಳಗಿಟ್ಟ. ‘ಅಯ್ಯೋ, ಹಂಗೆಲ್ಲ ಬರೆಯಕ್ಕಾಗತ್ತಾ? ತಾಂತ್ರಿಕ ಕಾರಣ ಅಂತ ಹಾಕ್ತೀನಿ ಬಿಡಿ.’

‘ಕೊಳಚೆಗೆ ತೇವಭೂಮಿ ಅಂದೋರು ನೀವು. ಈ ಸಲ ಇದ್ದದ್ದು ಇದ್ದ ಹಾಗೆ ಬರೀರಿ’ ಅಂದೆ. ಬರೆದ. ನನಗೇ ಓದಿ ತೋರಿಸಿದ, ಜೋರಾಗಿ, ಸಭೆಗೆ ಓದಿದ ಹಾಗೆ. ಇಷ್ಟು ಬೇಗ ಶುರು ಮಾಡಿಬಿಟ್ಟ.

ಮುದ್ರಣ ಎರಡು ತಿಂಗಳು ಮುಂದಕ್ಕೆ ಹೋಗಿದೆ. ಅಷ್ಟರೊಳಗೆ ಬೇರೆ ಇಬ್ಬರು ಕೇಳಿ, ಬರೆದು, ಸಹಿ ಹಾಕಿ ಕೊಟ್ಟರೆ ರನ್‌ವೇ ಉಳಿಯುತ್ತದೆ. ಇಲ್ಲದಿದ್ದರೆ ಖಾಲಿ ಜಾಗ ಎಂದು ನಗರಸಭೆಗೆ ಹೋಗುತ್ತದೆ. ಬೆಟ್ಟ ಮತ್ತು ಗುಡ್ಡಕ್ಕೆ ಅಂಥ ಅಪಾಯವಿಲ್ಲ, ಅವು ಮುಂದಿನ ಮುದ್ರಣಕ್ಕೆ ಕಾಯಬಹುದು.

ಭಾನುವಾರದ ನಡಿಗೆ ನಿಲ್ಲಿಸಿದ್ದೇನೆ. ಕೆರೆಗೆ ಬರುವವರಿದ್ದರೆ ಬರಲಿ, ಅಲ್ಲಿ ತೋರಿಸಬಲ್ಲೆ. ಬಾಗಿಲಿಗೆ ಕಾಗದ ಅಂಟಿಸಿದಾಗ ಒಬ್ಬ ‘ಯಾಕೆ ಮೇಡಂ, ಮಂಡಿ ನೋವಾ?’ ಅಂದ. ಅಲ್ಲಪ್ಪ, ಕಿವಿ ಅಂದೆ. ಅವನು ತನ್ನ ಮಂಡಿಯ ಕಥೆ ಹೇಳಿ ಹೋದ.

ರಜೆಗೆ ಬರುವಾಗ ಕಿವಿ ಇರುವ ಇನ್ನೊಬ್ಬಳನ್ನು ಕರೆದುಕೊಂಡು ಬಾ. ಹೊಲಿಗೆಯವಳು ಬೇಡ, ಹಕ್ಕಿ ಬಲ್ಲವಳು ಬೇಕು. ನಾನು ಜೊತೆಗೆ ಬರುವುದಿಲ್ಲ. ನನ್ನ ಮುಖ ನೋಡಿಕೊಂಡು ಯಾರೂ ಕೇಳಿಸಿಕೊಳ್ಳುವುದು ಬೇಡ.

ದೊಡ್ಡಮ್ಮ


ಜನವರಿ ೮

ದೊಡ್ಡಮ್ಮನಿಗೆ,

ಇಬ್ಬರೂ ತಲುಪಿದೆವು. ಅವತ್ತು ಮಿಂಚುಳ್ಳಿ ತೋರಿಸಿದ ಮುಂದಿನ ಬೆಂಚಿನವಳದು ದಾರಿಯುದ್ದಕ್ಕೂ ನಿಮ್ಮದೇ ಮಾತು. ‘ನಿನ್ನ ದೊಡ್ಡಮ್ಮ ಬೈತಾರೆ ಅಂದ್ಕೊಂಡಿದ್ದೆ, ಕನ್ನಡಕ ಸರಿ ಮಾಡಿ ಕಳಿಸಿದ್ರು’ ಅಂದಳು. ಅವಳ ಮೂಗಿನ ಮೇಲೆ ಅದು ಈಗ ಜಾರುವುದಿಲ್ಲ. ಹಕ್ಕಿ ಕೂಗಿದಾಗ ಕೈ ಬೀಸುವುದು ಮಾತ್ರ ಕಡಿಮೆಯಾಗಿಲ್ಲ.

ರನ್‌ವೇಗೆ ಹೋದ ಬೆಳಗ್ಗೆ ನೀವು ಒಳಗೆ ಬರದೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಿರಿ. ನಾನು ಎರಡು ಸಲ ತಿರುಗಿ ನೋಡಿದೆ. ಆಮೇಲೆ ನೋಡಲಿಲ್ಲ, ಕೆಲಸ ಮಾಡಿದೆ. ನಾವಿಬ್ಬರೂ ದೂರದೂರ ನಿಂತು ಬೇರೆ ಬೇರೆ ಬರೆದೆವು. ಹೋಲಿಸಿದಾಗ ಹೆಚ್ಚು ಕಡಿಮೆ ಒಂದೇ ಆಗಿತ್ತು. ಸಹಿ ಹಾಕಿ ಅಧಿಕಾರಿಗೆ ಕೊಟ್ಟದ್ದು ನಿಮಗೆ ಗೊತ್ತಿದೆ. ಅವರು ನಿಮ್ಮ ಬಗ್ಗೆ ಕೇಳಿದರು. ಚೆನ್ನಾಗಿದ್ದಾರೆ ಎಂದೆ. ‘ಜೋರಾಗಿ ಮಾತಾಡಿದ್ರೆ ಬೈತಾರೆ, ಮೆತ್ತಗೆ ಮಾತಾಡಿದ್ರೂ ಬೈತಾರೆ’ ಅಂದರು.

ರನ್‌ವೇ ಪುಟವನ್ನು ನಾನೇ ಬರೆಯಬೇಕು ಎಂದು ನೀವು ಹೇಳಿದಾಗ ಹೂಂ ಎಂದುಬಿಟ್ಟೆ, ಆಮೇಲೆ ಒಂದು ವಾರ ಸರಿಯಾಗಿ ನಿದ್ದೆಯಿಲ್ಲ. ನಿಮ್ಮ ಹಳೆಯ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಲು ಹೋದರೆ ಪ್ರತಿ ಸಾಲೂ ನಿಮ್ಮದೇ ಆಗುತ್ತಿತ್ತು. ಕೊನೆಗೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬರೆದೆ. ಕೆಳಗಿದೆ. ಎಲ್ಲಿ ಬೇಕಾದರೂ ಕೆಂಪು ಪೆನ್ನು ಹಾಕಿ.

‘ಹಳೇ ರನ್‌ವೇ ಹುಲ್ಲುಗಾವಲು. ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಮುರಿದ ಬೇಲಿಯ ಪಕ್ಕದಲ್ಲಿ ನಡೆದರೆ ಸಿಗುತ್ತದೆ. ಮರವಿಲ್ಲ, ನೆರಳಿಲ್ಲ, ಕೂರಲು ಬಿರುಕು ಬಿಟ್ಟ ಸಿಮೆಂಟು ಮಾತ್ರ. ಮೊದಲ ಸಲ ಬಂದವರಿಗೆ ಇಲ್ಲಿ ಏನೂ ಇಲ್ಲ ಎನ್ನಿಸುತ್ತದೆ. ನಿಂತು ಕಾಯಬೇಕು. ಇಲ್ಲಿನ ಮುಖ್ಯ ಹಕ್ಕಿ ಹೆಬ್ಬೆರಳಿನಷ್ಟು ಚಿಕ್ಕದು, ಒಣಹುಲ್ಲಿನ ಬಣ್ಣದ್ದು. ಹುಲ್ಲಿನಿಂದ ಎದ್ದು ಗಾಳಿಯಲ್ಲಿ ಏರುತ್ತ ಇಳಿಯುತ್ತ ದೊಡ್ಡ ಸುತ್ತು ಹಾಕುತ್ತದೆ. ಪ್ರತಿ ಏರಿನಲ್ಲೂ ಒಂದು ಇಂಪಾದ, ಚಿಕ್ಕ ಸದ್ದು ಮಾಡುತ್ತದೆ. ಈ ಸದ್ದು ಕೆಲವರಿಗೆ ಕೇಳಿಸುವುದಿಲ್ಲ. ಅಂಥವರು ದುರ್ಬೀನಿನಲ್ಲಿ ಕೊಕ್ಕನ್ನು ನೋಡಬಹುದು.’

ಕೊನೆಯ ಎರಡು ಸಾಲು ಇಡಲೋ ಬೇಡವೋ ಎಂದು ತುಂಬಾ ಯೋಚಿಸಿದೆ. ನಿಮಗೆ ಬೇಡ ಎನ್ನಿಸಿದರೆ ತೆಗೆಯಿರಿ, ನನಗೇನೂ ಬೇಜಾರಿಲ್ಲ.

ನಿಮ್ಮ,
ಗಡಿಬಿಡಿ


ಜನವರಿ ೧೯

ಗಡಿಬಿಡಿಗೆ,

ಪುಟ ನೋಡಿದೆ. ಮುದ್ರಣಕ್ಕೆ ಕಳಿಸಿದ್ದೇನೆ. ಲಾರಿಯವರು ಬೇರೆ ಜಾಗ ಹುಡುಕುತ್ತಿದ್ದಾರಂತೆ, ಅಧಿಕಾರಿ ಮೊನ್ನೆ ಬಂದು ಹೇಳಿದ. ಅವನ ಕನ್ನಡಕದ ನಂಬರೂ ಹೆಚ್ಚಾಗಿದೆ.

ಕೊನೆಯ ಎರಡು ಸಾಲು ಇರಲಿ. ಉಪಯೋಗಕ್ಕೆ ಬರುತ್ತದೆ.

ಒಂದೇ ಒಂದು ಪದ ಹೊಡೆದಿದ್ದೇನೆ. ‘ಇಂಪಾದ’. ನನ್ನನ್ನು ನೋಡಿ ಅದನ್ನು ಹಾಕಿದ್ದೀಯ ಎಂದು ಗೊತ್ತಾಯಿತು. ಕಳೆದುಕೊಂಡದ್ದೆಲ್ಲ ಇಂಪಾಗಿರಬೇಕಿಲ್ಲ. ಆ ಹಕ್ಕಿಯದು ಒಣ ಸದ್ದು, ಕಿರಿಕಿರಿ, ಬಿಸಿಲೇರಿದರೆ ತಲೆ ಚಿಟ್ಟು ಹಿಡಿಸುವಂಥದ್ದು. ಸಾಕು ನಿಲ್ಲಿಸೇ ಎಂದು ಎಷ್ಟು ಸಲ ಗೊಣಗಿದ್ದೇನೆ. ನನಗೆ ಚೆನ್ನಾಗಿ ನೆನಪಿದೆ.

ದೊಡ್ಡಮ್ಮ